ತಗಡಿನ ಈಚೆ

ದಾವಣಗೆರೆಯ ಹಳೇ ಬಸ್‌ ಸ್ಟ್ಯಾಂಡಿನ ಹಿಂದಿನ ಬಯಲಲ್ಲಿ
ನಾಟಕ ಕಂಪನಿ ಕ್ಯಾಂಪು ಹಾಕಿದರೆ
ನನ್ನ ಮಂಡಕ್ಕಿ ಗಾಡಿ ತಗಡಿನ ಈಚೆ.
ಒಳಗೆ ಕೂತು ನೋಡಿದವನಲ್ಲ,
ಇಪ್ಪತ್ತೆರಡು ವರ್ಷ ಬರೀ ಕೇಳಿದವನು.
ಖಳನಾಯಕ ಬಂದರೆ ಸೀಟಿ,
ಸೊಸೆ ಅತ್ತರೆ ನೂರು ಮೂಗೆಳೆಯುವ ಸದ್ದು.
ನಗು ಎದ್ದರೆ ತಗಡು ನಡುಗಿ
ನನ್ನ ಖಾರದ ಡಬ್ಬಿ ಕುಣಿಯುತ್ತಿತ್ತು.

ಹಾಲೇಶಪ್ಪ ಇದ್ದ ಕಾಲ.
ಮಡಿ ಸಾಹುಕಾರನ ಪಾತ್ರ.
ದುರುಗಿ ಕೊಟ್ಟ ನಾಣ್ಯವನ್ನು
ಇಕ್ಕಳದಲ್ಲಿ ಹಿಡಿದು, ಚೆಂಬಿಗೆ ಅದ್ದಿ ತೊಳೆದು
ಕಣ್ಣಿಗೊತ್ತಿಕೊಳ್ಳುತ್ತಿದ್ದನಂತೆ.
“ಲೇ, ಈ ನೀರು ತಂದೋರ್ಯಾರು?”
“ದುರುಗೀನೇ, ಧಣೀ.”
ಆಮೇಲೆ ಸುಮ್ಮನೆ.
ಎಷ್ಟೊತ್ತು ಅಂದರೆ, ನಾನೊಂದು ಮಿರ್ಚಿ
ಎಣ್ಣೆಯಲ್ಲಿ ತಿರುವಿ ಹಾಕುವಷ್ಟು.
“ಹಂಗಾರ… ನೀರನ್ನ ಯಾತರಾಗ ತೊಳೀಲಿ?”

ನಗು ಹಿಂದಿನಿಂದ ಏಳುತ್ತಿತ್ತು,
ನೆಲದ ಟಿಕೆಟ್ಟಿನವರ ಹೊಟ್ಟೆಯೊಳಗಿಂದ.
ಮುಂದಿನ ಕುರ್ಚಿಗಳು ತುಸು ತಡ:
ಅಲ್ಲಿ ಕೆಮ್ಮು ಮೊದಲು, ನಗು ಆಮೇಲೆ.

ಇದನ್ನೂ ಹೇಳಬೇಕು.
ಅದೇ ಕುರ್ಚಿಯವರೊಬ್ಬರು ಇಂಟರ್ವಲ್ಲಿಗೆ ಬಂದು
ನಕ್ಕ ಕಣ್ಣೀರು ಒರೆಸಿಕೊಳ್ಳುತ್ತಲೇ
ಐದು ರೂಪಾಯಿ ನನ್ನ ಅಂಗೈಗೆ
ಗೇಣೆತ್ತರದಿಂದ ಬಿಟ್ಟರು.
ಬಣ್ಣ ತೊಳೆದು ಮಂಡಕ್ಕಿ ತಿನ್ನಲು ಬಂದ
ಹಾಲೇಶಪ್ಪನಿಗೆ ಹೇಳಿದೆ. ಬಾಯಲ್ಲಿದ್ದುದನ್ನು
ನಿಧಾನಕ್ಕೆ ಅಗಿದು ಮುಗಿಸಿದ.
“ಕಷಾಯ ನಾ ಕುದಿಸ್ತೀನಿ ಚಮನ್‌ಸಾಬ,
ಮೂಗು ಹಿಡಿದು ಕುಡಿಸೋಕಾಗ್ತದೇನು?”

ಅವನ ಗಂಟಲು ಹೋಯಿತು. ಪಾಲಾಕ್ಷಿ ಬಂದ.
ಹುಡುಗ. ಹರಿತ ನಾಲಿಗೆ. ನನ್ನ ಮೇಲೆ ಪ್ರೀತಿ.
ಮೊದಲ ವರ್ಷ ತೊದಲುವ ಪೋಸ್ಟ್‌ಮನ್ ಆದ.
ಪ-ಪ-ಪತ್ರ ಅಂದಾಗೆಲ್ಲ ಡಬ್ಬಿ ಕುಣಿಯಿತು,
ನಾನೂ ನಕ್ಕೆ, ಮಿರ್ಚಿ ಕರಕಾಗುವಷ್ಟು.
ಪಕ್ಕದಲ್ಲಿ ಶೇಂಗಾ ಮಾರುವ ಸಿದ್ದವೀರ,
ಹತ್ತು ಅನ್ನಲು ಮೂರು ಸಲ ಎಡವುವವನು,
ಅವತ್ತು ಗಿರಾಕಿಗಳಿಗೆಲ್ಲ
ಬೆರಳೆತ್ತಿ ರೇಟು ತೋರಿಸಿದ.
ನೋಡಿದೆ. ನೋಡಿದ್ದು ತಲೆಗೆ ಹೋಗಲಿಲ್ಲ.

ಈ ವರ್ಷ ಪಾಲಾಕ್ಷಿ ಮಂಡಕ್ಕಿ ಭಟ್ಟಿಯವನು.
ಮುಖಕ್ಕೆ ಮಸಿ, ಲುಂಗಿ,
ಮಕ್ಕಳ ಹೆಸರು ಎಣಿಸುತ್ತ ಎಣಿಸುತ್ತ ಮರೆಯುತ್ತಾನಂತೆ.
“ನಮ್ದುಕೆ ಅಮ್ಮ ಬಂದ, ಅಪ್ಪ ಬಂದಳು.”
ಎದುರಿಗೆ ದುರುಗಿ ಇಲ್ಲ, ಆಳಿಲ್ಲ,
ಚೆಂಬು ಹಿಡಿದು ಏನು ಮಾಡಲೆಂದು ನಿಂತ ಧಣಿಯಿಲ್ಲ,
ಮಿರ್ಚಿ ತಿರುವುವಷ್ಟು ಮೌನ ಮೊದಲೇ ಇಲ್ಲ.
ಈ ಸಲ ನಗು ಮುಂದಿನ ಕುರ್ಚಿಯಲ್ಲೇ ಎದ್ದು
ಹಿಂದಕ್ಕೆ ಹರಿಯಿತು.
ಅದೇ ತಗಡು, ಅದೇ ನಡುಕ.
ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ.

ನಮ್ಮ ಭಟ್ಟಿಯ ಬಾಣಲೆಯಲ್ಲಿ
ಮರಳಿಗೂ ಅಕ್ಕಿಗೂ ಒಂದೇ ಬೆಂಕಿ,
ಹೊರಗೆ ನಿಂತವನಿಗೆ ಒಂದೇ ಸದ್ದು.
ಜರಡಿ ಹಿಡಿಯುವ ನನ್ನ ತಮ್ಮ ಹೇಳುತ್ತಾನೆ,
ಒಂದು ಹರಳು ಉಳಿದರೂ ಸಾಕು,
ಹಲ್ಲಿಗೇ ಗೊತ್ತಾಗುತ್ತೆ.

ಆಟ ಮುಗಿದು ಬಂದ, ಕಿವಿಯ ಹಿಂದೆ
ಇನ್ನೂ ಮಸಿ ಉಳಿದಿತ್ತು.
“ಚಾಚಾ, ಬೇಜಾರಿಲ್ಲ ತಾನೆ? ಬರೀ ಕಾಮಿಡಿ.
ಹಾಲೇಶಣ್ಣನೂ ಜಾತಿ ಹಿಡಕೊಂಡೇ ನಗಿಸ್ತಿದ್ದನಲ್ಲ?”

ಉತ್ತರವಿತ್ತು. ಪೂರ್ತಿ ಉತ್ತರ, ಕನ್ನಡದಲ್ಲೇ,
ಈ ತಗಡಿಗೆ ಕಿವಿಯಿಟ್ಟು ಕಲಿತ ಕನ್ನಡದಲ್ಲಿ.
ಬಾಯಿ ತೆರೆದೆ.
ಬಂದನೋ, ಬಂದಳೋ, ಬಂತೋ—
ಒಂದೊಂದು ಮಾತನ್ನೂ ಮುಟ್ಟಿ ನೋಡುವಂತಾಯಿತು.

ಪೊಟ್ಟಣ ಕಟ್ಟಿ ಕೊಟ್ಟೆ.
“ಎಷ್ಟಾಯ್ತು?” ಅಂದ.
ಎರಡು ಬೆರಳು ಎತ್ತಿದೆ.

ಶೇಂಗಾ ಗಾಡಿಯ ಮಬ್ಬು ಬಲ್ಬಿನ ಕೆಳಗೆ
ಸಿದ್ದವೀರ ತಲೆಯೆತ್ತಿ
ನನ್ನ ಬೆರಳನ್ನೇ ನೋಡುತ್ತಿದ್ದ.